ಒಂದೇ ಕಬ್ಬಿಣ, ಒಂದೇ ಆಕ್ಸಿಜನ್: ಒಂದು ಕಲ್ಲು ಅಯಸ್ಕಾಂತ, ಇನ್ನೊಂದು ಯಾಕಲ್ಲ?

2025ರ ಏಪ್ರಿಲ್‌ನಲ್ಲಿ ಚೀನಾ ಏಳು ರೇರ್ ಅರ್ತ್ ಲೋಹಗಳ ಮೇಲೆ, ಅವುಗಳನ್ನು ಬಳಸಿ ಮಾಡಿದ ಅಯಸ್ಕಾಂತಗಳ ಮೇಲೆ ರಫ್ತು ನಿಯಂತ್ರಣ ಹೇರಿತು. ಎಲೆಕ್ಟ್ರಿಕ್ ವಾಹನದ ಮೋಟಾರಿಗೆ ಬೇಕಾದ ಅಯಸ್ಕಾಂತ ಇನ್ನು ಎಲ್ಲಿಂದ ಬರಬೇಕು ಎಂಬ ಮಾತು ಶುರುವಾಯಿತು. ಆ ಮಾತಿನ ನಡುವೆ ಫೆರೈಟ್ ಎಂಬ ಹಳೆಯ ಅಯಸ್ಕಾಂತದ ಹೆಸರು ಮತ್ತೆ ಕೇಳಿಬಂತು. ಫೆರೈಟ್‌ಗೆ ರೇರ್ ಅರ್ತ್ ಬೇಡ. ಅದರಲ್ಲಿ ಇರುವುದು ಬಹುಪಾಲು ಕಬ್ಬಿಣ ಮತ್ತು ಆಕ್ಸಿಜನ್.

ಕಬ್ಬಿಣ ಮತ್ತು ಆಕ್ಸಿಜನ್ ಸೇರಿದ ವಸ್ತು ಅಂದ ತಕ್ಷಣ ಯಾರಿಗಾದರೂ ತುಕ್ಕು ನೆನಪಾಗುತ್ತದೆ, ಅಲ್ವಾ? ಆದರೆ ಆ ಕೆಂಪು ಪುಡಿ ಅಯಸ್ಕಾಂತದ ಹಾಗೆ ನಡೆದುಕೊಳ್ಳುವುದಿಲ್ಲ. ಇನ್ನೂ ನೇರವಾದ ಉದಾಹರಣೆ ಬೇಕಿದ್ದರೆ ಎರಡು ಅದಿರುಗಳನ್ನು ನೋಡಿ. ಒಂದು ಮ್ಯಾಗ್ನೆಟೈಟ್. ಕಪ್ಪು ಬಣ್ಣದ್ದು. ಹಿಂದಿನವರು ದಿಕ್ಕು ತಿಳಿಯಲು ಬಳಸುತ್ತಿದ್ದ ಸೂಜಿಗಲ್ಲು ಇದೇ. ಇನ್ನೊಂದು ಹೆಮಟೈಟ್. ಪುಡಿ ಮಾಡಿದರೆ ಕೆಂಪು, ಕಾವಿಮಣ್ಣಿಗೆ ಬಣ್ಣ ಬರುವುದು ಇದರಿಂದ. ಮ್ಯಾಗ್ನೆಟೈಟ್‌ನ ತೂಕದಲ್ಲಿ ನೂರಕ್ಕೆ ಸುಮಾರು 72 ಪಾಲು ಕಬ್ಬಿಣವಾದರೆ, ಹೆಮಟೈಟ್‌ನಲ್ಲಿ 70 ಪಾಲು. ಹೆಚ್ಚುಕಡಿಮೆ ಒಂದೇ. ಕಾಂತಬಲದಲ್ಲಿ ಮಾತ್ರ ಮ್ಯಾಗ್ನೆಟೈಟ್ ಸುಮಾರು 200 ಪಟ್ಟು ಮುಂದೆ.

ಹಾಗಾದರೆ ಕಾಂತಗುಣ ಕಬ್ಬಿಣದ ಆಸ್ತಿ ಅಲ್ಲವೇ? ಅರ್ಧ ಮಾತ್ರ ಹೌದು. ಉಳಿದರ್ಧ ಇರುವುದು ಕಬ್ಬಿಣದ ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಮತ್ತು ನಡುವೆ ಕೂತ ಆಕ್ಸಿಜನ್ ಏನು ಮಾಡುತ್ತದೆ ಎಂಬುದರಲ್ಲಿ.

ಒಂಟಿ ಎಲೆಕ್ಟ್ರಾನ್‌ಗಳ ಲೆಕ್ಕ

ಪರಮಾಣುವಿನ ನಡುವೆ ನ್ಯೂಕ್ಲಿಯಸ್, ಸುತ್ತ ಎಲೆಕ್ಟ್ರಾನ್‌ಗಳು. ಇಷ್ಟು ಎಲ್ಲರಿಗೂ ಗೊತ್ತು. ಪ್ರತಿ ಎಲೆಕ್ಟ್ರಾನ್ ತಾನೇ ಒಂದು ಪುಟ್ಟ ಅಯಸ್ಕಾಂತ ಎಂಬುದು ಅಷ್ಟಾಗಿ ಗೊತ್ತಿರುವುದಿಲ್ಲ. ಅದರ ಈ ಗುಣಕ್ಕೆ ಸ್ಪಿನ್ ಎಂದು ಹೆಸರು. 1925ರಲ್ಲಿ ಉಲೆನ್‌ಬೆಕ್ ಮತ್ತು ಗೌಡ್ಸ್‌ಮಿಟ್ ಎಂಬ ಇಬ್ಬರು ಡಚ್ ಯುವ ವಿಜ್ಞಾನಿಗಳು ಇದನ್ನು ಹೇಳಿದರು. ಹೆಸರು ಕೇಳಿ ಎಲೆಕ್ಟ್ರಾನ್ ನಿಜವಾಗಿ ಗಿರಗಿರ ಸುತ್ತುತ್ತಿದೆ ಎಂದುಕೊಳ್ಳಬೇಡಿ. ವಿದ್ಯುದಂಶದ ಹಾಗೆ ಇದೂ ಅದರ ಹುಟ್ಟುಗುಣ. ನಾವು ಅಳೆದಾಗ ಸ್ಪಿನ್ ಎರಡೇ ದಿಕ್ಕಿನಲ್ಲಿ ಸಿಗುತ್ತದೆ. ಒಂದನ್ನು ಮೇಲ್ಮುಖ, ಇನ್ನೊಂದನ್ನು ಕೆಳಮುಖ ಎನ್ನೋಣ.

ಎಲೆಕ್ಟ್ರಾನ್‌ಗಳು ಪರಮಾಣುವಿನಲ್ಲಿ ಎಲ್ಲೆಂದರಲ್ಲಿ ಇರುವುದಿಲ್ಲ. ಅವಕ್ಕೆ ಗೊತ್ತಾದ ಜಾಗಗಳಿವೆ. ಈ ಜಾಗಗಳಿಗೆ ಆರ್ಬಿಟಲ್ ಎನ್ನುತ್ತಾರೆ. ಒಂದು ಆರ್ಬಿಟಲ್‌ನಲ್ಲಿ ಎರಡೇ ಎಲೆಕ್ಟ್ರಾನ್ ಇರಬಹುದು, ಅದೂ ಒಂದು ಮೇಲ್ಮುಖ, ಇನ್ನೊಂದು ಕೆಳಮುಖವಾಗಿದ್ದರೆ ಮಾತ್ರ. ಇದು ಪೌಲಿ ಅವರ ನಿಯಮ, ಇದೂ 1925ರದ್ದೇ. ಜೋಡಿಯಾದ ಎಲೆಕ್ಟ್ರಾನ್‌ಗಳ ಕಾಂತಬಲ ಒಂದನ್ನೊಂದು ಅಳಿಸಿಹಾಕುತ್ತದೆ. ನಮ್ಮ ಸುತ್ತಲಿನ ಹೆಚ್ಚಿನ ವಸ್ತುಗಳಲ್ಲಿ ಎಲ್ಲ ಎಲೆಕ್ಟ್ರಾನ್‌ಗಳೂ ಜೋಡಿಯಾಗಿರುವುದರಿಂದಲೇ ಅವು ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಕಬ್ಬಿಣ, ಮ್ಯಾಂಗನೀಸ್, ನಿಕಲ್, ಕೋಬಾಲ್ಟ್, ಕ್ರೋಮಿಯಂ, ಇವೆಲ್ಲ ಸಂಕ್ರಮಣ ಲೋಹಗಳು. ಇವುಗಳ ಪರಮಾಣುವಿನಲ್ಲಿ 3ಡಿ ಎಂಬ ಐದು ಆರ್ಬಿಟಲ್‌ಗಳ ಗುಂಪು ಅರೆಬರೆ ತುಂಬಿರುತ್ತದೆ. ಐದು ಜಾಗದಲ್ಲಿ ಹತ್ತು ಎಲೆಕ್ಟ್ರಾನ್ ಹಿಡಿಸುತ್ತದೆ. ಆದರೆ ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂರ ತಳ್ಳುತ್ತವೆ. ಹಾಗಾಗಿ ಖಾಲಿ ಜಾಗ ಇರುವವರೆಗೆ ಅವು ಜೋಡಿಯಾಗದೆ ಬೇರೆ ಬೇರೆ ಇರುತ್ತವೆ. ಬೇರೆ ಬೇರೆ ಇದ್ದಾಗ ಎಲ್ಲವೂ ಒಂದೇ ದಿಕ್ಕಿನ ಸ್ಪಿನ್ ಹಿಡಿದರೆ ಶಕ್ತಿ ಇನ್ನೂ ಕಡಿಮೆಯಾಗುತ್ತದೆ. ಇದನ್ನು ಕಂಡುಕೊಂಡದ್ದು ಜರ್ಮನಿಯ ಫ್ರೀಡ್ರಿಶ್ ಹುಂಡ್.

ಈಗ ಲೆಕ್ಕ ಸುಲಭ. ಆಕ್ಸೈಡ್ ಆಗುವಾಗ, ಅಂದರೆ ಆಕ್ಸಿಜನ್ ಜೊತೆ ಸೇರುವಾಗ, ಲೋಹ ತನ್ನ ಹೊರಗಿನ ಎಲೆಕ್ಟ್ರಾನ್‌ಗಳನ್ನು ಆಕ್ಸಿಜನ್‌ಗೆ ಕೊಟ್ಟು ಅಯಾನ್ ಆಗುತ್ತದೆ. ಕಬ್ಬಿಣ ಮೂರು ಎಲೆಕ್ಟ್ರಾನ್ ಕೊಟ್ಟರೆ 3ಡಿಯಲ್ಲಿ ಐದು ಉಳಿಯುತ್ತವೆ. ಐದು ಜಾಗ, ಐದು ಎಲೆಕ್ಟ್ರಾನ್, ಎಲ್ಲವೂ ಒಂಟಿ. ಒಂಟಿ ಎಲೆಕ್ಟ್ರಾನ್ ಒಂದರ ಕಾಂತಬಲವನ್ನು 1 ಎಂದು ಹಿಡಿದರೆ ಈ ಅಯಾನಿನ ಬಲ 5. (ಈ ಅಳತೆಯ ಹೆಸರು ಬೋರ್ ಮ್ಯಾಗ್ನೆಟಾನ್.) ಕಬ್ಬಿಣ ಎರಡೇ ಎಲೆಕ್ಟ್ರಾನ್ ಕೊಟ್ಟರೆ ಆರು ಉಳಿಯುತ್ತವೆ. ಆರನೆಯದು ಜೋಡಿಯಾಗಲೇಬೇಕು. ಒಂಟಿಯಾಗಿ ಉಳಿಯುವುದು ನಾಲ್ಕು, ಬಲ 4. ಎರಡು ಕೊಟ್ಟ ಮ್ಯಾಂಗನೀಸ್‌ಗೆ 5, ನಿಕಲ್‌ಗೆ 2. ನಾಲ್ಕು ಕೊಟ್ಟ ಟೈಟಾನಿಯಂನ 3ಡಿ ಪೂರ್ತಿ ಖಾಲಿ. ಎರಡು ಕೊಟ್ಟ ಸತುವಿನ 3ಡಿ ಪೂರ್ತಿ ಭರ್ತಿ. ಅವೆರಡರ ಬಲವೂ ಸೊನ್ನೆ. ಹಾಗಾಗಿಯೇ ಬಿಳಿ ಪೇಂಟ್‌ಗೆ ಹಾಕುವ ಟೈಟಾನಿಯಂ ಆಕ್ಸೈಡ್, ಮುಲಾಮಿಗೆ ಹಾಕುವ ಸತುವಿನ ಆಕ್ಸೈಡ್ ಎರಡರಲ್ಲೂ ಕಾಂತಗುಣ ಇಲ್ಲ.

ಸುತ್ತ ಇರುವ ಆಕ್ಸಿಜನ್‌ನ ಪ್ರಭಾವ

ಮೇಲಿನ ಲೆಕ್ಕ ಒಂಟಿಯಾಗಿ ನಿಂತ ಅಯಾನಿನದು. ಹರಳಿನೊಳಗೆ ಲೋಹದ ಅಯಾನ್ ಒಂಟಿಯಲ್ಲ. ಅನೇಕ ಆಕ್ಸೈಡ್‌ಗಳಲ್ಲಿ ಅದರ ಸುತ್ತ ಆರು ಆಕ್ಸಿಜನ್‌ಗಳಿರುತ್ತವೆ: ಮೇಲೆ, ಕೆಳಗೆ, ಎಡ, ಬಲ, ಹಿಂದೆ, ಮುಂದೆ.

ಐದು 3ಡಿ ಆರ್ಬಿಟಲ್‌ಗಳಲ್ಲಿ ಎರಡು ನೇರವಾಗಿ ಆಕ್ಸಿಜನ್‌ಗಳ ಕಡೆಗೆ ಚಾಚಿಕೊಂಡಿವೆ. ಉಳಿದ ಮೂರು ಆಕ್ಸಿಜನ್‌ಗಳ ನಡುವಿನ ಸಂದಿಯ ಕಡೆಗೆ ಚಾಚಿವೆ. ಆಕ್ಸಿಜನ್ ಅಯಾನ್ ಋಣ ವಿದ್ಯುತ್ತಿನದು, ಎಲೆಕ್ಟ್ರಾನ್ ಕೂಡ ಋಣ. ಆದ್ದರಿಂದ ನೇರವಾಗಿ ಆಕ್ಸಿಜನ್ ಕಡೆಗಿರುವ ಎರಡು ಜಾಗಗಳಲ್ಲಿ ಇರುವುದು ಎಲೆಕ್ಟ್ರಾನ್‌ಗೆ ದುಬಾರಿ. ಮೊದಲು ಸಮಾನವಾಗಿದ್ದ ಐದು ಜಾಗ ಈಗ ಕೆಳಗೆ ಮೂರು, ಮೇಲೆ ಎರಡು ಎಂದು ಒಡೆಯುತ್ತವೆ.

ಈ ಎರಡು ಮಟ್ಟಗಳ ಅಂತರ ಚಿಕ್ಕದಿದ್ದರೆ ಎಲೆಕ್ಟ್ರಾನ್‌ಗಳು ಐದೂ ಜಾಗಕ್ಕೆ ಹರಡಿಕೊಳ್ಳುತ್ತವೆ. ಅಂತರ ದೊಡ್ಡದಿದ್ದರೆ ಮೇಲೆ ಹೋಗುವುದಕ್ಕಿಂತ ಕೆಳಗೇ ಜೋಡಿಯಾಗುವುದು ಲಾಭ. ಆರು 3ಡಿ ಎಲೆಕ್ಟ್ರಾನ್ ಇರುವ ಅಯಾನನ್ನು ನೋಡಿ. ಹರಡಿಕೊಂಡರೆ ಅದರ ಬಲ 4. ಆರೂ ಕೆಳಗಿನ ಮೂರು ಜಾಗದಲ್ಲಿ ಜೋಡಿಯಾದರೆ ಸೊನ್ನೆ! ಪರಮಾಣು ಅದೇ, ಎಲೆಕ್ಟ್ರಾನ್‌ಗಳೂ ಅಷ್ಟೇ, ಕಾಂತಗುಣ ಮಾತ್ರ ಇದ್ದದ್ದು ಇಲ್ಲವಾಗುತ್ತದೆ.

ಇದು ಸುಮ್ನೆ ಕಾಗದದ ಮೇಲಿನ ಲೆಕ್ಕವಲ್ಲ. ಲ್ಯಾಂಥನಂ, ಕೋಬಾಲ್ಟ್, ಆಕ್ಸಿಜನ್ ಸೇರಿದ ಒಂದು ಆಕ್ಸೈಡ್ ಇದೆ. ತುಂಬಾ ತಂಪಿನಲ್ಲಿ ಅದರ ಕೋಬಾಲ್ಟ್‌ನ ಆರೂ ಎಲೆಕ್ಟ್ರಾನ್‌ಗಳು ಜೋಡಿಯಾಗಿರುತ್ತವೆ, ಕಾಂತಗುಣ ಇರುವುದಿಲ್ಲ. ಸ್ವಲ್ಪ ಬಿಸಿ ತಗುಲಿದರೆ ಸಾಕು, ಕೆಲವು ಎಲೆಕ್ಟ್ರಾನ್‌ಗಳು ಮೇಲಿನ ಮಟ್ಟಕ್ಕೆ ಹೋಗಿ ಅಯಾನ್‌ಗಳಿಗೆ ಕಾಂತಗುಣ ಬರುತ್ತದೆ. ಇದಕ್ಕೆ ತಿರುಗಿದ್ದು ಭೂಮಿಯ ಒಳಗೆ ನಡೆಯುತ್ತದೆ. ಸಾವಿರ ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಒತ್ತಡ ಆಕ್ಸಿಜನ್‌ಗಳನ್ನು ಕಬ್ಬಿಣದ ಹತ್ತಿರಕ್ಕೆ ನೂಕುತ್ತದೆ. ಅಂತರ ಹಿಗ್ಗಿ, ಅಲ್ಲಿನ ಮೆಗ್ನೀಷಿಯಂ-ಕಬ್ಬಿಣದ ಆಕ್ಸೈಡ್‌ನಲ್ಲಿ ಕಬ್ಬಿಣದ ಎಲೆಕ್ಟ್ರಾನ್‌ಗಳು ಜೋಡಿಯಾಗಿಬಿಡುತ್ತವೆ.

ಪಕ್ಕದ ಪರಮಾಣುವಿಗೆ ದಿಕ್ಕು ತಿಳಿಯುವುದು ಹೇಗೆ?

ಒಂದೊಂದು ಪರಮಾಣು ಪುಟ್ಟ ಅಯಸ್ಕಾಂತ ಆದ ಮಾತ್ರಕ್ಕೆ ಇಡೀ ತುಂಡು ಅಯಸ್ಕಾಂತ ಆಗುವುದಿಲ್ಲ. ಕೋಟಿ ಕೋಟಿ ಪುಟ್ಟ ಅಯಸ್ಕಾಂತಗಳು ಒಂದು ಶಿಸ್ತಿನಲ್ಲಿ ನಿಲ್ಲಬೇಕು. ನಿಲ್ಲಿಸುವವರು ಯಾರು?

ಎರಡು ಅಯಸ್ಕಾಂತ ಹತ್ತಿರ ತಂದರೆ ಒಂದನ್ನೊಂದು ಎಳೆಯುತ್ತವಲ್ಲ, ಅದೇ ಬಲ ಇರಬಹುದೇ? ಲೆಕ್ಕ ಹಾಕಿದರೆ ಆ ಬಲ ತೀರಾ ಚಿಕ್ಕದು. ಸೊನ್ನೆ ಕೆಳಗೆ 270 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಶಾಖದ ಅಲುಗಾಟ ಅದನ್ನು ಮುರಿದುಹಾಕುತ್ತದೆ. ಮ್ಯಾಗ್ನೆಟೈಟ್ ಆದರೋ 585 ಡಿಗ್ರಿವರೆಗೆ ಅಯಸ್ಕಾಂತವಾಗಿ ಉಳಿಯುತ್ತದೆ. ಅಂದರೆ ಇಲ್ಲಿ ಕೆಲಸ ಮಾಡುವ ಬಲ ಬೇರೆಯೇ.

1928ರಲ್ಲಿ ಹೈಸೆನ್‌ಬರ್ಗ್ ಉತ್ತರದ ದಾರಿ ತೋರಿಸಿದರು. ಮೂಲದಲ್ಲಿ ಅದು ಕಾಂತಬಲವೇ ಅಲ್ಲ. ಎಲೆಕ್ಟ್ರಾನ್‌ಗಳ ನಡುವಿನ ವಿದ್ಯುತ್ ತಳ್ಳಾಟ ಮತ್ತು ಪೌಲಿ ನಿಯಮ ಎರಡೂ ಸೇರಿ ಹುಟ್ಟುವ ಪರಿಣಾಮ ಅದು. ಆದರೆ ಆಕ್ಸೈಡ್‌ಗಳಲ್ಲಿ ಇನ್ನೊಂದು ತೊಡಕಿತ್ತು. ಎರಡು ಲೋಹದ ಅಯಾನ್‌ಗಳ ನಡುವೆ ಆಕ್ಸಿಜನ್ ಕೂತಿದೆ. ಅದರ ಎಲೆಕ್ಟ್ರಾನ್‌ಗಳೆಲ್ಲ ಜೋಡಿ, ಸ್ವಂತ ಕಾಂತಗುಣ ಇಲ್ಲ. ಅದನ್ನು ದಾಟಿ ಒಂದು ಲೋಹದ ದಿಕ್ಕು ಇನ್ನೊಂದಕ್ಕೆ ಮುಟ್ಟುವುದು ಹೇಗೆ?

ಆಕ್ಸಿಜನ್ ಮೂಲಕವೇ ಎಂದು 1934ರಲ್ಲಿ ಹೆಂಡ್ರಿಕ್ ಕ್ರಾಮರ್ಸ್ ಹೇಳಿದರು. 1950ರಲ್ಲಿ ಫಿಲಿಪ್ ಆಂಡರ್ಸನ್ ಅದನ್ನು ಬೆಳೆಸಿದರು. ಇದರ ಹೆಸರು ಸೂಪರ್ ಎಕ್ಸ್‌ಚೇಂಜ್. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ, ಇಡೀ ವಿಷಯದ ಬೀಗದ ಕೈ ಇಲ್ಲಿದೆ.

ಮ್ಯಾಂಗನೀಸ್, ಆಕ್ಸಿಜನ್, ಮ್ಯಾಂಗನೀಸ್ ಒಂದೇ ಗೆರೆಯಲ್ಲಿವೆ ಎಂದುಕೊಳ್ಳಿ. ಎಡಗಡೆಯ ಮ್ಯಾಂಗನೀಸ್‌ನ ಐದೂ ಎಲೆಕ್ಟ್ರಾನ್‌ಗಳು ಮೇಲ್ಮುಖ. ನಡುವಿನ ಆಕ್ಸಿಜನ್‌ನ ಒಂದು ಆರ್ಬಿಟಲ್ ಎರಡೂ ಕಡೆಗೆ ಚಾಚಿದೆ, ಅದರಲ್ಲಿ ಒಂದು ಮೇಲ್ಮುಖ, ಒಂದು ಕೆಳಮುಖ ಎಲೆಕ್ಟ್ರಾನ್ ಇವೆ. ಎಲೆಕ್ಟ್ರಾನ್‌ಗೆ ಹರಡಿಕೊಳ್ಳಲು ಜಾಗ ಸಿಕ್ಕಷ್ಟೂ ಅದರ ಶಕ್ತಿ ತಗ್ಗುತ್ತದೆ. ಹಾಗಾಗಿ ಆಕ್ಸಿಜನ್‌ನ ಎಲೆಕ್ಟ್ರಾನ್ ಎಡಕ್ಕೆ ವಾಲಲು ನೋಡುತ್ತದೆ. ಯಾವುದು ವಾಲಬಹುದು? ಅಲ್ಲಿನ ಐದೂ ಜಾಗದಲ್ಲಿ ಮೇಲ್ಮುಖದವು ಈಗಾಗಲೇ ಇವೆ. ಪೌಲಿ ನಿಯಮದ ಪ್ರಕಾರ ಕೆಳಮುಖದ್ದಕ್ಕೆ ಮಾತ್ರ ಅವಕಾಶ. ಅದು ಎಡಕ್ಕೆ ವಾಲಿತು. ಆಕ್ಸಿಜನ್‌ನಲ್ಲಿ ಉಳಿದದ್ದು ಮೇಲ್ಮುಖದ್ದು. ಅದು ಬಲಕ್ಕೆ ವಾಲಬೇಕಾದರೆ ಬಲಗಡೆಯ ಮ್ಯಾಂಗನೀಸ್‌ನಲ್ಲಿ ಮೇಲ್ಮುಖಕ್ಕೆ ಜಾಗ ಖಾಲಿ ಇರಬೇಕು. ಅಂದರೆ ಅಲ್ಲಿನ ಐದೂ ಕೆಳಮುಖವಾಗಿರಬೇಕು.

ಎಡಗಡೆ ಮೇಲ್ಮುಖ, ಬಲಗಡೆ ಕೆಳಮುಖ. ಸ್ವಂತ ಕಾಂತಗುಣವೇ ಇಲ್ಲದ ಆಕ್ಸಿಜನ್ ಎರಡು ಅಯಾನ್‌ಗಳನ್ನು ವಿರುದ್ಧ ದಿಕ್ಕಿಗೆ ನಿಲ್ಲಿಸಿಬಿಟ್ಟಿತು.

ಮೂರೂ ಒಂದೇ ಗೆರೆಯಲ್ಲಿದ್ದಾಗ ಈ ಪರಿಣಾಮ ಅತಿ ಜೋರು. ಲೋಹ, ಆಕ್ಸಿಜನ್, ಲೋಹ ಸೇರಿ 90 ಡಿಗ್ರಿ ಕೋನ ಮಾಡಿದರೆ ಎಡ ಮತ್ತು ಬಲದ ಲೋಹಗಳು ಆಕ್ಸಿಜನ್‌ನ ಬೇರೆ ಬೇರೆ ಆರ್ಬಿಟಲ್‌ಗಳ ಜೊತೆ ವ್ಯವಹರಿಸುತ್ತವೆ. ಆಗ ಹಿಡಿತ ಸಡಿಲವಾಗುತ್ತದೆ. ಕೆಲವೊಮ್ಮೆ ದಿಕ್ಕು ಒಂದೇ ಆಗುವುದೂ ಉಂಟು. ಕೋನ ಎಷ್ಟು, 3ಡಿಯಲ್ಲಿ ಎಲೆಕ್ಟ್ರಾನ್ ಎಷ್ಟು ಎಂದು ನೋಡಿ ದಿಕ್ಕನ್ನು ಮುಂಚೆಯೇ ಹೇಳುವ ನಿಯಮಗಳನ್ನು 1950ರ ದಶಕದಲ್ಲಿ ಜಾನ್ ಗುಡ್‌ಇನಫ್ ಮತ್ತು ಜುಂಜಿರೋ ಕನಮೋರಿ ರೂಪಿಸಿದರು. ಆಗ ಗುಡ್‌ಇನಫ್ ಅಮೆರಿಕದ ಎಂಐಟಿಯ ಲಿಂಕನ್ ಲ್ಯಾಬೊರೇಟರಿಯಲ್ಲಿ ಕಂಪ್ಯೂಟರಿನ ಮೆಮೊರಿಗಾಗಿ ಫೆರೈಟ್ ಉಂಗುರಗಳ ಮೇಲೆ ಕೆಲಸ ಮಾಡುತ್ತಿದ್ದರು. ಆಕ್ಸೈಡ್‌ಗಳಲ್ಲಿ 3ಡಿ ಎಲೆಕ್ಟ್ರಾನ್‌ಗಳ ನಡವಳಿಕೆ ಬಲ್ಲವರಾದ್ದರಿಂದಲೇ ಮುಂದೆ ಅವರಿಗೆ ಕೋಬಾಲ್ಟ್ ಆಕ್ಸೈಡ್‌ನ ಬ್ಯಾಟರಿ ಹೊಳೆಯಿತು. ನಮ್ಮ ಮೊಬೈಲಿನ ಲಿಥಿಯಂ ಬ್ಯಾಟರಿಯ ಬೇರು ಅಲ್ಲಿದೆ. 2019ರಲ್ಲಿ ನೊಬೆಲ್ ಬಂದಾಗ ಅವರಿಗೆ 97 ವರ್ಷ.

ಶಿಸ್ತು ಇದೆ, ಬಲ ಸೊನ್ನೆ

ಪಕ್ಕಪಕ್ಕದವು ಸಮಬಲದಲ್ಲಿ ವಿರುದ್ಧವಾಗಿ ನಿಂತರೆ ಒಟ್ಟು ಬಲ ಸೊನ್ನೆ. ಒಳಗೆ ಪೂರ್ತಿ ಶಿಸ್ತು, ಹೊರಗೆ ಏನೂ ಕಾಣುವುದಿಲ್ಲ. ಇಂಥ ವಸ್ತುವಿಗೆ ಆಂಟಿಫೆರೋಮ್ಯಾಗ್ನೆಟ್ ಎನ್ನುತ್ತಾರೆ. ಫ್ರಾನ್ಸ್‌ನ ಲೂಯಿ ನೀಲ್ 1930ರ ದಶಕದಲ್ಲೇ ಈ ಮಾತು ಹೇಳಿದ್ದರು. ಆದರೆ ಹೊರಗೆ ಕಾಣದ್ದನ್ನು ತೋರಿಸುವುದು ಹೇಗೆ?

1949ರಲ್ಲಿ ಕ್ಲಿಫರ್ಡ್ ಶಲ್ ಮತ್ತು ಸ್ಮಾರ್ಟ್ ಮ್ಯಾಂಗನೀಸ್ ಆಕ್ಸೈಡ್ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿದರು. ನ್ಯೂಟ್ರಾನ್‌ಗೂ ಸ್ಪಿನ್ ಇದೆ, ಅದಕ್ಕೆ ಪರಮಾಣುಗಳ ಕಾಂತದಿಕ್ಕು ಗೊತ್ತಾಗುತ್ತದೆ. ಎಕ್ಸ್-ರೇಗೆ ಎಲ್ಲ ಮ್ಯಾಂಗನೀಸ್‌ಗಳೂ ಒಂದೇ ಥರ ಕಂಡರೆ, ತಂಪು ಮಾಡಿದ ಹರಳಿನಲ್ಲಿ ನ್ಯೂಟ್ರಾನ್‌ಗಳಿಗೆ ವಿನ್ಯಾಸ ಎರಡರಷ್ಟು ಉದ್ದಕ್ಕೊಮ್ಮೆ ಮರುಕಳಿಸಿದ್ದು ಕಂಡಿತು. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಮಾತ್ರ ಹಾಗಾಗಲು ಸಾಧ್ಯ. ನೀಲ್ ಅವರಿಗೆ 1970ರಲ್ಲಿ, ಶಲ್ ಅವರಿಗೆ 1994ರಲ್ಲಿ ನೊಬೆಲ್ ಬಂತು.

ಸೂಜಿಗಲ್ಲಿನೊಳಗಿನ ಹಗ್ಗಜಗ್ಗಾಟ

ಆಕ್ಸಿಜನ್ ಹೀಗೆ ವಿರುದ್ಧವಾಗಿಯೇ ನಿಲ್ಲಿಸುವುದಾದರೆ ಮ್ಯಾಗ್ನೆಟೈಟ್ ಅಯಸ್ಕಾಂತ ಆದದ್ದು ಹೇಗೆ? 1948ರಲ್ಲಿ ನೀಲ್ ಕೊಟ್ಟ ಉತ್ತರ ಇದು: ಅಲ್ಲೂ ವಿರುದ್ಧವಾಗಿಯೇ ನಿಂತಿವೆ, ಆದರೆ ಎರಡು ಕಡೆಯವರು ಸಮಬಲರಲ್ಲ.

ಹಗ್ಗಜಗ್ಗಾಟ ಅಂದುಕೊಳ್ಳಿ. ಮ್ಯಾಗ್ನೆಟೈಟ್‌ನ ಪ್ರತಿ ಘಟಕದಲ್ಲಿ ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್. ಮೂರು ಕಬ್ಬಿಣಗಳಲ್ಲಿ ಎರಡರ ಬಲ 5, ಒಂದರ ಬಲ 4. ಹರಳಿನಲ್ಲಿ ಕಬ್ಬಿಣಕ್ಕೆ ಎರಡು ಬಗೆಯ ಜಾಗಗಳಿವೆ. ಒಂದರ ಸುತ್ತ ನಾಲ್ಕು ಆಕ್ಸಿಜನ್, ಇದನ್ನು ಕಿರಿಜಾಗ ಎನ್ನೋಣ. ಇನ್ನೊಂದರ ಸುತ್ತ ಆರು, ಇದು ಹಿರಿಜಾಗ. ಕಿರಿಜಾಗದಲ್ಲಿ ಬಲ 5ರ ಒಬ್ಬ. ಹಿರಿಜಾಗದಲ್ಲಿ ಬಲ 5ರ ಒಬ್ಬ, ಬಲ 4ರ ಇನ್ನೊಬ್ಬ. ಕಿರಿಜಾಗ, ಆಕ್ಸಿಜನ್, ಹಿರಿಜಾಗ ಇವುಗಳ ನಡುವಿನ ಕೋನ ಸುಮಾರು 125 ಡಿಗ್ರಿ, ಹಾಗಾಗಿ ಈ ಎರಡು ತಂಡಗಳು ವಿರುದ್ಧ ನಿಲ್ಲುತ್ತವೆ. ಹಿರಿಜಾಗದವರ ನಡುವಿನ ಕೋನ 90ರ ಹತ್ತಿರ, ಅವರೊಳಗೆ ಹೇಳಿಕೊಳ್ಳುವಂಥ ಜಗಳವಿಲ್ಲ. ಒಂದು ಕಡೆ 9, ಎದುರು ಕಡೆ 5. ಉಳಿಯುವುದು 4. ಅಳೆದಾಗ ಸಿಗುವುದು ಸುಮಾರು 4.1. ಇಂಥ ವಸ್ತುವಿಗೆ ಫೆರಿಮ್ಯಾಗ್ನೆಟ್ ಎಂದು ಹೆಸರು.

ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಸತುವಿನದು. ಸತುವಿನ ಬಲ ಸೊನ್ನೆ ಎಂದೆವಲ್ಲ, ಅದನ್ನು ಮ್ಯಾಗ್ನೆಟೈಟ್‌ಗೆ ಸ್ವಲ್ಪ ಸೇರಿಸಿದರೆ ಕಾಂತಬಲ ಕಡಿಮೆಯಾಗಬೇಕು ಅನಿಸುತ್ತದೆ. ಆಗುವುದು ಜಾಸ್ತಿ! ಸತು ಬರುವುದು ಬಲ 4ರ ಕಬ್ಬಿಣದ ಬದಲಿಗೆ. ಆದರೆ ಅದಕ್ಕೆ ಕಿರಿಜಾಗ ಇಷ್ಟ. ಅಲ್ಲಿ ಕೂತು ಹಗ್ಗ ಎಳೆಯದೆ ಸುಮ್ಮನಿರುತ್ತದೆ. ಅಲ್ಲಿದ್ದ ಬಲ 5ರ ಕಬ್ಬಿಣ ಎದುರು ತಂಡಕ್ಕೆ ಹೋಗಿ 4 ಬಲದವನ ಜಾಗ ಹಿಡಿಯುತ್ತದೆ. ಸೋಲುವ ತಂಡಕ್ಕೆ 5 ನಷ್ಟ, ಗೆಲ್ಲುವ ತಂಡಕ್ಕೆ 1 ಲಾಭ. ಹತ್ತು ಘಟಕಕ್ಕೆ ಎರಡು ಸತು ಸೇರಿಸಿದರೆ ಲೆಕ್ಕದ ಪ್ರಕಾರ ಸರಾಸರಿ ಬಲ 4ರಿಂದ 5.2ಕ್ಕೆ ಏರಬೇಕು. ಹಾಗಂತ ಸತು ತುಂಬುತ್ತಲೇ ಹೋದರೆ ಕೆಲಸ ಕೆಡುತ್ತದೆ. ಎದುರು ತಂಡವೇ ಇಲ್ಲದಿದ್ದರೆ ಹಿರಿಜಾಗದವರನ್ನು ಒಂದು ಸಾಲಿನಲ್ಲಿ ಹಿಡಿದಿಡುವ ಶಕ್ತಿಯೂ ಇರುವುದಿಲ್ಲ. ಕಿರಿಜಾಗವೆಲ್ಲ ಸತುವಿನಿಂದಲೇ ತುಂಬಿದ ಫೆರೈಟ್ ಕೋಣೆಯ ಶಾಖದಲ್ಲಿ ಅಯಸ್ಕಾಂತವೇ ಅಲ್ಲ.

ಕೆಂಪು ಹೆಮಟೈಟ್‌ನಲ್ಲಿ ಏನಾಗಿದೆ?

ಹೆಮಟೈಟ್‌ನ ಎಲ್ಲ ಕಬ್ಬಿಣಗಳೂ ಮೂರು ಎಲೆಕ್ಟ್ರಾನ್ ಕೊಟ್ಟವು. ಎಲ್ಲದರ ಬಲವೂ 5. ಎಲ್ಲದರ ಸುತ್ತ ಆರು ಆಕ್ಸಿಜನ್. ಒಂದು ಪದರದವು ಒಂದು ಕಡೆಗೆ, ಮುಂದಿನ ಪದರದವು ವಿರುದ್ಧ ಕಡೆಗೆ. ಐದಕ್ಕೆ ಐದು ವಜಾ.

ಪೂರ್ತಿ ಸೊನ್ನೆ ಆಗಬೇಕಿತ್ತು, ಆದರೆ ಚೂರು ಬಲ ಉಳಿಯುತ್ತದೆ. ಎದುರುಬದುರು ಸ್ಪಿನ್‌ಗಳು ನೇರವಾಗಿ ನಿಲ್ಲದೆ ಒಂದು ಡಿಗ್ರಿಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಓರೆಯಾಗಿರುತ್ತವೆ. ಅದರ ಕಾರಣವನ್ನು 1958ರಲ್ಲಿ ರಷ್ಯಾದ ಜ್ಯಲೋಶಿನ್‌ಸ್ಕಿ, 1960ರಲ್ಲಿ ಜಪಾನಿನ ಮೊರಿಯಾ ವಿವರಿಸಿದರು. ಸೊನ್ನೆ ಕೆಳಗೆ ಸುಮಾರು 13 ಡಿಗ್ರಿಗೆ ತಂಪು ಮಾಡಿದರೆ ಸ್ಪಿನ್‌ಗಳ ದಿಕ್ಕು ಬದಲಾಗಿ ಈ ಓರೆಯೂ ಹೋಗಿಬಿಡುತ್ತದೆ.

ಫೆರೈಟ್ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ?

ಸ್ಪೀಕರ್ ಹಿಂದಿನ ಕಪ್ಪು ಉಂಗುರ, ಫ್ರಿಜ್ ಬಾಗಿಲಿನ ಪಟ್ಟಿ, ಸಣ್ಣ ಮೋಟಾರು, ಇವುಗಳಲ್ಲಿ ಇರುವುದು ಬೇರಿಯಂ ಅಥವಾ ಸ್ಟ್ರಾನ್ಷಿಯಂ ಸೇರಿಸಿದ ಫೆರೈಟ್. ಅದರ ಒಂದು ಘಟಕದಲ್ಲಿ 12 ಕಬ್ಬಿಣ. ಎಂಟು ಒಂದು ಕಡೆಗೆ, ನಾಲ್ಕು ವಿರುದ್ಧ ಕಡೆಗೆ. ಉಳಿಯುವುದು ನಾಲ್ಕರ ಬಲ, ಅಂದರೆ 20. ಅದರ ಮಿತಿಯೂ ಇಲ್ಲೇ ಇದೆ. 12 ಕಬ್ಬಿಣ ಇದ್ದರೂ ಹೊರಗೆ ಸಿಗುವುದು ಮೂರನೇ ಒಂದು ಪಾಲಿನ ಬಲ. ಜೊತೆಗೆ ಕಾಂತಗುಣ ಇಲ್ಲದ ಆಕ್ಸಿಜನ್‌ಗಳು ಬಹಳ ಜಾಗ ತಿನ್ನುತ್ತವೆ. ಹಾಗಾಗಿ ರೇರ್ ಅರ್ತ್ ಬಳಸಿ ಮಾಡಿದ ನಿಯೋಡಿಮಿಯಂ ಅಯಸ್ಕಾಂತ ಹಿಡಿದಿಡುವ ಶಕ್ತಿಯ ಸುಮಾರು ಹತ್ತನೇ ಒಂದು ಪಾಲಷ್ಟೇ ಫೆರೈಟ್‌ನದು. ಅದನ್ನೇ ಮೋಟಾರಿಗೆ ಹಾಕಬೇಕಾದರೆ ಮೋಟಾರಿನ ವಿನ್ಯಾಸವನ್ನೇ ಬದಲಿಸಬೇಕಾಗುತ್ತದೆ.

ಆದರೆ ಆಕ್ಸಿಜನ್‌ನಿಂದ ಲಾಭವೂ ಇದೆ. ಇವು ಈಗಾಗಲೇ ಆಕ್ಸೈಡ್ ಆದ್ದರಿಂದ ಮತ್ತೆ ತುಕ್ಕು ಹಿಡಿಯುವುದಿಲ್ಲ. ಹೆಚ್ಚಿನ ಫೆರೈಟ್‌ಗಳಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದಿಲ್ಲ. ಸೆಕೆಂಡಿಗೆ ಲಕ್ಷಾಂತರ ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರದಲ್ಲಿ ಕಬ್ಬಿಣ ಇಟ್ಟರೆ ಅದರೊಳಗೆ ಕರೆಂಟ್ ಸುಳಿದು ಬಿಸಿಯಾಗುತ್ತದೆ. ಫೆರೈಟ್‌ಗೆ ಆ ಕಾಟ ಕಡಿಮೆ. ಮೊಬೈಲ್ ಚಾರ್ಜರ್‌ನ ಪುಟಾಣಿ ಟ್ರಾನ್ಸ್‌ಫಾರ್ಮರ್‌ನಲ್ಲಿ ಫೆರೈಟ್ ಇರುವುದು ಇದಕ್ಕೇ.

ಎಲೆಕ್ಟ್ರಾನ್ ಓಡಾಡಿದರೆ ಆಟವೇ ಬೇರೆ

ಇಲ್ಲಿಯವರೆಗೆ ಎಲೆಕ್ಟ್ರಾನ್‌ಗಳು ತಮ್ಮ ಜಾಗದಲ್ಲೇ ಇದ್ದು ಸ್ವಲ್ಪ ವಾಲಿದವು, ಅಷ್ಟೆ. ಕೆಲವು ಆಕ್ಸೈಡ್‌ಗಳಲ್ಲಿ ಅವು ನಿಜವಾಗಿ ಒಂದು ಪರಮಾಣುವಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಲ್ಯಾಂಥನಂ ಮ್ಯಾಂಗನೀಸ್ ಆಕ್ಸೈಡ್‌ನಲ್ಲಿ ಒಂದಷ್ಟು ಲ್ಯಾಂಥನಂ ತೆಗೆದು ಕ್ಯಾಲ್ಸಿಯಂ ಅಥವಾ ಸ್ಟ್ರಾನ್ಷಿಯಂ ಹಾಕಿದರೆ, ಕೆಲವು ಮ್ಯಾಂಗನೀಸ್‌ಗಳಲ್ಲಿ ನಾಲ್ಕು 3ಡಿ ಎಲೆಕ್ಟ್ರಾನ್, ಕೆಲವದರಲ್ಲಿ ಮೂರೇ ಇರುತ್ತವೆ. ನಾಲ್ಕನೆಯದು ಆಕ್ಸಿಜನ್ ದಾಟಿ ಪಕ್ಕದ ಮ್ಯಾಂಗನೀಸ್‌ಗೆ ಹೋಗಬಹುದು. ಹೋಗುವಾಗ ತನ್ನ ಸ್ಪಿನ್ ದಿಕ್ಕನ್ನು ಬಿಡುವುದಿಲ್ಲ. ಹೋದ ಕಡೆಯ ಮೂರೂ ಅದೇ ದಿಕ್ಕಿನಲ್ಲಿದ್ದರೆ ಹುಂಡ್ ಹೇಳಿದಂತೆ ಸುಲಭವಾಗಿ ಒಳಗೆ ಸೇರುತ್ತದೆ, ವಿರುದ್ಧವಿದ್ದರೆ ಕಷ್ಟ. ಓಡಾಟ ಸಲೀಸಾಗಲೆಂದು ಎಲ್ಲ ಮ್ಯಾಂಗನೀಸ್‌ಗಳೂ ಒಂದೇ ದಿಕ್ಕು ಹಿಡಿಯುತ್ತವೆ. 1950ರಲ್ಲಿ ಯೋಂಕರ್ ಮತ್ತು ವ್ಯಾನ್ ಸಾಂಟನ್ ಇದನ್ನು ಪ್ರಯೋಗದಲ್ಲಿ ಕಂಡರು, 1951ರಲ್ಲಿ ಕ್ಲಾರೆನ್ಸ್ ಜೆನರ್ ಕಾರಣ ಕೊಟ್ಟರು.

ಇಲ್ಲಿ ಕಾಂತಗುಣವೂ ವಿದ್ಯುತ್ ಹರಿವೂ ಗಂಟುಹಾಕಿಕೊಂಡಿವೆ. ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟು ಸ್ಪಿನ್‌ಗಳನ್ನು ಸಾಲಾಗಿಸಿದರೆ ವಿದ್ಯುತ್ತಿಗೆ ಇದ್ದ ತಡೆ ಬಿದ್ದುಹೋಗುತ್ತದೆ. 1994ರಲ್ಲಿ ಇಂಥ ಒಂದು ತೆಳು ಪದರದಲ್ಲಿ ತಡೆ ಸಾವಿರಕ್ಕೂ ಹೆಚ್ಚು ಪಟ್ಟು ಇಳಿದದ್ದು ದಾಖಲಾಯಿತು.

ಶಾಖ ಎಲ್ಲಿ ಗೆಲ್ಲುತ್ತದೆ?

ಯಾವ ಶಿಸ್ತಾದರೂ ಒಂದು ಬಿಸಿಯ ಮೇಲೆ ಮುರಿಯುತ್ತದೆ. ಒಂದು ಲೋಹಕ್ಕೆ ಒಂದು ಆಕ್ಸಿಜನ್ ಇರುವ ಸರಳ ಆಕ್ಸೈಡ್‌ಗಳನ್ನು ಸಾಲಾಗಿ ಇಟ್ಟು ನೋಡಿ. ಮ್ಯಾಂಗನೀಸ್ ಆಕ್ಸೈಡ್‌ನ ಶಿಸ್ತು ಸೊನ್ನೆ ಕೆಳಗೆ 155 ಡಿಗ್ರಿಯಲ್ಲೇ ಮುರಿಯುತ್ತದೆ. ಕಬ್ಬಿಣದ್ದು ಸೊನ್ನೆ ಕೆಳಗೆ 75ರಲ್ಲಿ, ಕೋಬಾಲ್ಟ್‌ನದು ಕೋಣೆಯ ಶಾಖದ ಹತ್ತಿರ, ನಿಕಲ್‌ನದು ಸುಮಾರು 250 ಡಿಗ್ರಿಯಲ್ಲಿ. ಈ ಸಾಲಿನಲ್ಲಿ ಒಂಟಿ ಎಲೆಕ್ಟ್ರಾನ್‌ಗಳು ಐದರಿಂದ ಎರಡಕ್ಕೆ ಇಳಿಯುತ್ತಾ ಬಂದರೂ ಶಿಸ್ತು ಗಟ್ಟಿಯಾಗುತ್ತಲೇ ಹೋಗುತ್ತದೆ. ಯಾಕೆಂದರೆ ಲೋಹದ ಅಯಾನ್ ಚಿಕ್ಕದಾಗುತ್ತಾ ಆಕ್ಸಿಜನ್ ಹತ್ತಿರವಾಗುತ್ತದೆ, ಎಲೆಕ್ಟ್ರಾನ್‌ಗಳ ಹಂಚಿಕೆ ಹೆಚ್ಚುತ್ತದೆ. ಒಂದೊಂದು ಪರಮಾಣುವಿನ ಬಲ ಬೇರೆ, ಅವುಗಳ ನಡುವಿನ ನಂಟು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಭೂಮಿಯ ಚರಿತ್ರೆ ಓದುವುದಕ್ಕೂ ಈ ಮುರಿಯುವ ಬಿಂದು ಬೇಕಾಗುತ್ತದೆ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ಆರುವಾಗ ಅದರೊಳಗಿನ ಮ್ಯಾಗ್ನೆಟೈಟ್ ಕಣಗಳು ಆ ಹೊತ್ತಿನ ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. 1963ರಲ್ಲಿ ಫ್ರೆಡ್ ವೈನ್ ಮತ್ತು ಡ್ರಮ್ಮಂಡ್ ಮ್ಯಾಥ್ಯೂಸ್ ಈ ದಾಖಲೆಯ ಪಟ್ಟೆಗಳನ್ನು ನೋಡಿ ಸಮುದ್ರತಳ ಹರಡುತ್ತಿದೆ ಎಂದು ವಾದಿಸಿದರು. ಆ ಕಣಗಳು ಅಪ್ಪಟ ಮ್ಯಾಗ್ನೆಟೈಟ್ ಆಗಿರುವುದು ಕಡಿಮೆ. ಅವುಗಳಲ್ಲಿ 3ಡಿ ಖಾಲಿಯಾದ ಟೈಟಾನಿಯಂ ಸೇರಿರುತ್ತದೆ. ಅದು ಜಾಸ್ತಿಯಾದಷ್ಟೂ ಕಬ್ಬಿಣಗಳ ನಡುವಿನ ನಂಟು ಕಡಿದು, ಮುರಿಯುವ ಬಿಂದು 585 ಡಿಗ್ರಿಯಿಂದ ಕೆಳಗಿಳಿಯುತ್ತದೆ, ಕೆಲವು ಶಿಲೆಗಳಲ್ಲಿ 200ಕ್ಕೂ ಕೆಳಗೆ. ಹಾಗಾಗಿ ಶಿಲೆಯನ್ನು ನಿಧಾನವಾಗಿ ಕಾಯಿಸುತ್ತಾ ಕಾಂತಗುಣ ಯಾವಾಗ ಹೋಗುತ್ತದೆಂದು ನೋಡಿಯೇ ಭೂವಿಜ್ಞಾನಿಗಳು ಅದರಲ್ಲಿ ಟೈಟಾನಿಯಂ ಎಷ್ಟಿದೆ ಎಂದು ಅಂದಾಜು ಮಾಡುತ್ತಾರೆ.